ಕಾಲು ಮೈಕ್ರೋಗ್ರಾಂ

ನಾನು ಬೆಳಿಗ್ಗೆ ಒಂದು, ರಾತ್ರಿ ಒಂದು ನುಂಗುವ ಪುಟ್ಟ ಕ್ಯಾಪ್ಸೂಲಿನಲ್ಲಿರುವ ಔಷಧ 0.25 ಮೈಕ್ರೋಗ್ರಾಂ. ಒಂದು ಗ್ರಾಮನ್ನು ನಲವತ್ತು ಲಕ್ಷ ಪಾಲು ಮಾಡಿದರೆ ಅದರಲ್ಲಿ ಒಂದು ಪಾಲು. ಹೆಸರು ಕ್ಯಾಲ್ಸಿಟ್ರಯಾಲ್. ವಿಟಮಿನ್ ಡಿ ಜಾತಿಯದು ಎಂದೊಡನೆ ಜನ ಅದನ್ನು ಟಾನಿಕ್ಕುಗಳ ಸಾಲಿಗೆ ಸೇರಿಸಿಬಿಡುತ್ತಾರೆ. ವರ್ಷಗಟ್ಟಲೆ ಇದರ ಜೊತೆ ಬದುಕಿದವಳಾಗಿ ಹೇಳುತ್ತೇನೆ, ರಕ್ತಪರೀಕ್ಷೆಯ ಕಾವಲಿಲ್ಲದೆ ಇದನ್ನು ತೆಗೆದುಕೊಳ್ಳಬಾರದು.

ಕೊಯಮತ್ತೂರಿನಲ್ಲಿ ಥೈರಾಯ್ಡ್ ಗ್ರಂಥಿಯನ್ನು ಪೂರ್ತಿ ತೆಗೆದಾಗ ಶುರುವಾದದ್ದು ಇದು. ಅದರ ಬೆನ್ನಿಗೆ ಅಕ್ಕಿಕಾಳಿನಷ್ಟಿರುವ ನಾಲ್ಕು ಪ್ಯಾರಾಥೈರಾಯ್ಡ್ ಗ್ರಂಥಿಗಳಿರುತ್ತವೆ. ರಕ್ತದ ಕ್ಯಾಲ್ಸಿಯಂ ಕಾಯುವುದು ಅವುಗಳ ಕೆಲಸ. ಆಪರೇಷನ್ ಎಷ್ಟು ಜೋಪಾನವಾಗಿ ನಡೆದರೂ ಕೆಲವೊಮ್ಮೆ ಅವಕ್ಕೆ ರಕ್ತ ಸಾಲದಾಗುತ್ತದೆ. ಬಹಳ ಜನರಿಗೆ ಕೆಲವು ವಾರಗಳಲ್ಲಿ, ತಿಂಗಳುಗಳಲ್ಲಿ ಚೇತರಿಸಿಕೊಳ್ಳುತ್ತವೆ, ನನ್ನವು ಚೇತರಿಸಿಕೊಳ್ಳಲಿಲ್ಲ. ಮೊದಲು ಬಾಯಿಯ ಸುತ್ತ ಜುಮುಜುಮು, ಆಮೇಲೆ ಬೆರಳ ತುದಿ, ಕೊನೆಗೆ ಕೈ ತಾನಾಗಿ ಸೆಟೆದುಕೊಂಡು ಬಿಡಿಸಲು ಬಾರದಾಯಿತು. ರಕ್ತನಾಳದ ಮೂಲಕ ಕ್ಯಾಲ್ಸಿಯಂ ಕೊಟ್ಟ ಮೇಲೆಯೇ ಬೆರಳು ನನ್ನ ಮಾತು ಕೇಳಿದ್ದು.

ಗುಂಡ್ಲುಪೇಟೆಯಿಂದ ನೋಡಲು ಬಂದ ಅತ್ತಿಗೆ, “ರಾಗಿಮುದ್ದೆ ಉಣ್ಣವ್ವ, ಬಿಸಿಲಲ್ಲಿ ಕೂತ್ಕೊ, ಎಲ್ಲ ಸರಿಹೋಗ್ತದೆ” ಎಂದರು. ಪ್ರೀತಿಯ ಮಾತು, ಸುಳ್ಳೂ ಅಲ್ಲ. ನೂರು ಗ್ರಾಂ ರಾಗಿಯಲ್ಲಿ 344 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ ಎಂದು ನಮ್ಮ ದೇಶದ ಹಳೆಯ ಆಹಾರದ ಪಟ್ಟಿಗಳು ಹೇಳುತ್ತವೆ. ಆ ಪಟ್ಟಿಗಳ ಬೇರು ನಾನಿರುವ ಈ ಕೂನೂರಿನಲ್ಲಿದೆ. 1918ರಲ್ಲಿ ರಾಬರ್ಟ್ ಮೆಕ್‌ಕ್ಯಾರಿಸನ್ ಇಲ್ಲಿನ ಪಾಶ್ಚರ್ ಇನ್‌ಸ್ಟಿಟ್ಯೂಟಿನ ಒಂದೇ ಕೋಣೆಯಲ್ಲಿ ಬೆರಿಬೆರಿಯ ಅಧ್ಯಯನ ಆರಂಭಿಸಿದರು. ಅದು ಬೆಳೆದು ಪೌಷ್ಟಿಕತೆಯ ಸಂಶೋಧನಾಲಯವಾಯಿತು. 1937ರಲ್ಲಿ ಐಕ್ರಾಯ್ಡ್ ಭಾರತೀಯ ಆಹಾರಗಳ ಪಟ್ಟಿಯನ್ನು ಹೊರತಂದದ್ದು ಇಲ್ಲಿಂದಲೇ. 1958ರಲ್ಲಿ ಆ ಸಂಸ್ಥೆ ಹೈದರಾಬಾದಿಗೆ ಹೋಯಿತು. ಗುಡ್ಡದ ಆ ಕಟ್ಟಡದ ಎದುರು ಹಾದುಹೋಗುವಾಗಲೆಲ್ಲ ನನಗೆ ಹೆಮ್ಮೆ.

ಆದರೆ ನನ್ನ ಕಷ್ಟ ತಟ್ಟೆಯಲ್ಲಿಲ್ಲ. ಬಿಸಿಲಿನಿಂದಲೋ ಮಾತ್ರೆಯಿಂದಲೋ ಬಂದ ವಿಟಮಿನ್ ಡಿ ಮೊದಲು ಯಕೃತ್ತಿನಲ್ಲಿ, ಆಮೇಲೆ ಕಿಡ್ನಿಯಲ್ಲಿ ಬದಲಾದರೇ ಕೆಲಸಕ್ಕೆ ಬರುವುದು. ಕೊನೆಯ ಹಂತ ನಡೆಯುವುದು ಕಿಡ್ನಿಯಲ್ಲಿ ಎಂದು 1970ರಲ್ಲಿ ಕೇಂಬ್ರಿಡ್ಜಿನ ಫ್ರೇಸರ್ ಮತ್ತು ಕೋಡಿಸೆಕ್ ತೋರಿಸಿದರು. ಆ ಹಂತಕ್ಕೆ ಅಪ್ಪಣೆ ಕೊಡುವುದು ಪ್ಯಾರಾಥೈರಾಯ್ಡಿನ ಹಾರ್ಮೋನು. ನನ್ನಲ್ಲಿ ಅದೇ ಇಲ್ಲ. ಹಾಗಾಗಿ ಆಗಲೇ ಬದಲಾಗಿ ಸಿದ್ಧವಾದ ರೂಪವನ್ನು ನುಂಗಬೇಕು. ಅದಿಲ್ಲದಿದ್ದರೆ ಮುದ್ದೆಯ ಕ್ಯಾಲ್ಸಿಯಂ ಬಹುಪಾಲು ಕರುಳಿನಿಂದ ಹಾಗೇ ಹೊರಟುಹೋಗುತ್ತದೆ.

ಒಮ್ಮೆ ಔಷಧಿ ಅಂಗಡಿಯ ಹುಡುಗ, “ಅಕ್ಕಾ, ಅದು ಸ್ಟಾಕಿಲ್ಲ, ಇದೂ ವಿಟಮಿನ್ ಡಿ-ನೇ” ಎಂದು ವಾರಕ್ಕೊಂದು ಕುಡಿಯುವ ಪುಡಿಯ ಪೊಟ್ಟಣ ಮುಂದಿಟ್ಟ. ಅದರಲ್ಲಿದ್ದದ್ದು 60,000 ಯೂನಿಟ್, ಅಂದರೆ 1,500 ಮೈಕ್ರೋಗ್ರಾಂ. ಬದಲಾಗದ ರೂಪವಾದ್ದರಿಂದ ಅಳತೆ ಅಷ್ಟು ದೊಡ್ಡದು. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು. ನನ್ನದು ಕೆಲವು ಗಂಟೆಗಳಲ್ಲಿ ಕೆಲಸ ಶುರುಮಾಡಿ, ನಿಲ್ಲಿಸಿದರೆ ಕೆಲವು ದಿನಗಳಲ್ಲಿ ಇಳಿಯುತ್ತದೆ. ಪುಡಿಯದು ಮೈಯ ಕೊಬ್ಬಿನಲ್ಲಿ ಸೇರಿ ವಾರಗಟ್ಟಲೆ, ತಿಂಗಳುಗಟ್ಟಲೆ ಉಳಿಯುತ್ತದೆ. ಚೀಟಿಯಲ್ಲಿ ಬರೆದದ್ದೇ ಬೇಕು ಎಂದು ಹೇಳಿ ಬೇರೆ ಅಂಗಡಿಗೆ ಹೋದೆ.

ಇವೆಲ್ಲಕ್ಕಿಂತ ಮುಖ್ಯವಾದದ್ದನ್ನು ನಾನು ಕಲಿತದ್ದು ಒಂದು ಬೇಸಗೆಯಲ್ಲಿ. ಕ್ಯಾಲ್ಸಿಯಂ ಇಳಿದರೆ ಮೈ ತಾನೇ ಕೂಗಿ ಹೇಳುತ್ತದೆ: ತುಟಿ ಜುಮುಗುಟ್ಟುತ್ತದೆ, ಕೈ ಸೆಟೆಯುತ್ತದೆ. ಏರಿದರೆ ಹಾಗಲ್ಲ. ಬಾಯಾರಿಕೆ, ರಾತ್ರಿ ಮತ್ತೆ ಮತ್ತೆ ಮೂತ್ರಕ್ಕೆ ಏಳುವುದು, ಮಲಬದ್ಧತೆ, ಊಟ ಬೇಡವೆನಿಸುವುದು, ಏನೋ ಮಂಕು. ಪ್ರತಿಯೊಂದಕ್ಕೂ ಮನೆಯಲ್ಲಿ ಬೇರೆ ಬೇರೆ ಕಾರಣ ಸಿಕ್ಕಿತ್ತು. ಸೆಕೆ ಎಂದರು, ವಯಸ್ಸು ಎಂದರು. ಡೆಸಿಲೀಟರಿಗೆ ಸಾಮಾನ್ಯವಾಗಿ 8.5ರಿಂದ 10.5 ಮಿಲಿಗ್ರಾಂ ಒಳಗೆ ಇರಬೇಕಾದ ಕ್ಯಾಲ್ಸಿಯಂ ಪರೀಕ್ಷೆಯ ಹಾಳೆಯಲ್ಲಿ 11.6 ಇತ್ತು. ಡಾಕ್ಟರು ಕ್ಯಾಪ್ಸೂಲನ್ನೂ ಕ್ಯಾಲ್ಸಿಯಂ ಮಾತ್ರೆಯನ್ನೂ ನಿಲ್ಲಿಸಿ, ಚೆನ್ನಾಗಿ ನೀರು ಕುಡಿಸಿ, ಮತ್ತೆ ಪರೀಕ್ಷೆ ಮಾಡಿಸಿ, ಕಡಿಮೆ ಅಳತೆಯಲ್ಲಿ ಪುನಃ ಶುರುಮಾಡಿದರು. ಹಾಗೇ ಬಿಟ್ಟಿದ್ದರೆ ಪೆಟ್ಟು ಬೀಳುತ್ತಿದ್ದದ್ದು ಕಿಡ್ನಿಗೆ.

ನಮ್ಮಂಥವರಿಗೆ ಗುರಿ ನಡುಮಧ್ಯದ ಅಂಕಿಯಲ್ಲ. ಹಾರ್ಮೋನಿಲ್ಲದ ಕಿಡ್ನಿ ಕ್ಯಾಲ್ಸಿಯಂ ಹಿಡಿದಿಡದೆ ಮೂತ್ರಕ್ಕೆ ಬಿಡುತ್ತದೆ, ಅದು ಕಲ್ಲಾಗಬಹುದು. ಆದ್ದರಿಂದ ನನಗೆ 8ರಿಂದ 9ರ ನಡುವೆ ಸಾಕು ಎಂದಿದ್ದಾರೆ. ರಕ್ತದ ಕ್ಯಾಲ್ಸಿಯಂ ಜೊತೆಗೆ ಕ್ರಿಯಾಟಿನಿನ್, ಫಾಸ್ಫರಸ್, ಮೆಗ್ನೀಸಿಯಂ, ಆಗಾಗ ಇಪ್ಪತ್ತನಾಲ್ಕು ಗಂಟೆಯ ಮೂತ್ರ ಇವೂ ನೋಡಿಸುತ್ತೇನೆ. ಆರಾಮಾಗಿದ್ದೇನೆ ಎಂದು ಪರೀಕ್ಷೆಯ ದಿನ ಮುಂದೂಡುವುದಿಲ್ಲ.

ಉಳಿದವು ಸಣ್ಣ ಶಿಸ್ತುಗಳು. ಥೈರಾಕ್ಸಿನ್ ಬೆಳಿಗ್ಗೆ ಬರಿಹೊಟ್ಟೆಗೆ. ಕ್ಯಾಲ್ಸಿಯಂ ಮಾತ್ರೆ ಅದಾದ ನಾಲ್ಕು ಗಂಟೆಯ ಮೇಲೆ, ಊಟದ ಜೊತೆ. ಬೇರೆ ಯಾವುದಕ್ಕೇ ಡಾಕ್ಟರ ಬಳಿ ಹೋದರೂ ಮೊದಲು ಕ್ಯಾಲ್ಸಿಟ್ರಯಾಲ್ ವಿಷಯ ಹೇಳುತ್ತೇನೆ. ರಕ್ತದೊತ್ತಡಕ್ಕೆ ಕೊಡುವ ಥಯಾಜೈಡ್ ಮಾತ್ರೆ ಕ್ಯಾಲ್ಸಿಯಂ ಏರಿಸುತ್ತದೆ. ಡಿಜಾಕ್ಸಿನ್ ತೆಗೆದುಕೊಳ್ಳುವ ಹೃದ್ರೋಗಿಗೆ ಏರಿದ ಕ್ಯಾಲ್ಸಿಯಂ ತುಂಬಾ ಅಪಾಯ. ಮಂಡಿನೋವಿನ ಪಕ್ಕದ ಮನೆಯವರು ನನ್ನ ಕ್ಯಾಪ್ಸೂಲಿನ ಪಟ್ಟಿಯಿಂದ ಒಂದೆರಡು ಕೇಳಿದಾಗ ಕೊಡಲಿಲ್ಲ, ಪರೀಕ್ಷೆಗೆ ಕರೆದುಕೊಂಡು ಹೋದೆ. ಅವರಿಗೆ ಡಾಕ್ಟರು ಬರೆದದ್ದು ಆ ವಾರದ ಪುಡಿಯನ್ನೇ. ಅವರ ಕೊರತೆಗೆ ಅದೇ ಸರಿ.

ಇನ್ನು ನಮ್ಮೂರಿನ ಚಳಿ. ಡಿಸೆಂಬರಿನಲ್ಲಿ ಇಲ್ಲಿ ಎಲ್ಲರ ಬೆರಳೂ ಮರಗಟ್ಟುತ್ತದೆ. ಬೆಂಕಿಗೆ ಕೈ ಹಿಡಿದಾಗ ಬಿಟ್ಟರೆ ಅದು ಚಳಿ. ತುಟಿಯೂ ಜುಮುಗುಟ್ಟಿದರೆ, ಬಿಸಿ ತಗುಲಿಯೂ ಹೋಗದಿದ್ದರೆ, ಕೂಡಲೇ ಡಾಕ್ಟರಿಗೆ ಫೋನು. ಗಂಟಲು ಬಿಗಿದರೆ, ಕೈಕಾಲು ಸೆಟೆದರೆ ಫೋನಿಗೂ ಕಾಯದೆ ಆಸ್ಪತ್ರೆಗೆ. ಔಷಧಿ ಬರುವ ದಾರಿಯನ್ನೂ ನೆಚ್ಚುವಂತಿಲ್ಲ: 2009ರ ನವೆಂಬರಿನ ಮಳೆಗೆ ಗುಡ್ಡ ಕುಸಿದು ಮೇಟ್ಟುಪಾಳ್ಯದ ಘಾಟ್ ರಸ್ತೆ ಮುಚ್ಚಿದ್ದನ್ನು ಕಂಡವರು ನಾವು. ಈ ಔಷಧಿ ಕೆಲವೇ ದಿನ ತಪ್ಪಿದರೂ ನನ್ನ ಕೈ ಸೆಟೆಯುತ್ತದೆ. ಅದಕ್ಕೇ ಅಕ್ಟೋಬರ್ ಹಿಡಿಯುವ ಮೊದಲೇ ಎರಡು ತಿಂಗಳಿನದನ್ನು ತಂದು, ಬೆಳಕೂ ತೇವವೂ ತಾಗದ ಡಬ್ಬಿಯಲ್ಲಿ ಇಡುತ್ತೇನೆ. ಕಾಯಿಲೆಯ ಹೆಸರು, ಔಷಧಿಯ ಅಳತೆ ಬರೆದ ಚೀಟಿಯೊಂದು ತಮಿಳಿನಲ್ಲೂ ಇಂಗ್ಲಿಷಿನಲ್ಲೂ ಪರ್ಸಿನಲ್ಲಿರುತ್ತದೆ. ಗುಂಡ್ಲುಪೇಟೆಗೆ ಹೊರಟಾಗ ಕನ್ನಡದ್ದೂ ಒಂದು.