ನಾದಕ್ಕೊಂದು ನೆಲೆ

ಕಣ್ಣು ಮುಚ್ಚಿ ಕುಳಿತಿದ್ದರೂ ಕೊಳಲಿನ ದನಿ ಯಾವ ಕಡೆಯಿಂದ ಬರುತ್ತಿದೆಯೆಂಬುದನ್ನು ನಾವು ಹೇಳಬಲ್ಲೆವು. ಎಡಗಡೆಯ ನಾದವು ಎಡಗಿವಿಯನ್ನು ತುಸು ಮೊದಲು, ತುಸು ಗಟ್ಟಿಯಾಗಿ ಮುಟ್ಟುತ್ತದೆ. ಈ ಅಲ್ಪ ವ್ಯತ್ಯಾಸದಿಂದಲೇ ಮಿದುಳು ದಿಕ್ಕನ್ನು ಅರಿಯುತ್ತದೆ. ಈ ತತ್ತ್ವವನ್ನು ಆಧರಿಸಿ ಇಂಗ್ಲೆಂಡಿನ ಎಂಜಿನಿಯರ್ ಅಲನ್ ಬ್ಲಮ್‌ಲೈನ್ ಅವರು 1931ರಲ್ಲಿ ಎರಡು ವಾಹಿನಿಗಳ ಧ್ವನಿಮುದ್ರಣಕ್ಕೆ ಪೇಟೆಂಟ್ ಅರ್ಜಿ ಸಲ್ಲಿಸಿದರು. ಅದನ್ನೇ ನಾವು ಸ್ಟೀರಿಯೊ ಎನ್ನುತ್ತೇವೆ.

ಇಂದು ಕಂಪ್ಯೂಟರಿನ ನೆರವಿನಿಂದ ಮನೆಯಲ್ಲಿಯೇ ಹಾಡನ್ನು ಮುದ್ರಿಸಬಹುದು. ಒಂದು ಭಾವಗೀತೆಯ ಗಾಯನ, ತಬಲ, ಕೊಳಲು, ಪಿಟೀಲುಗಳನ್ನು ಬೇರೆಬೇರೆಯಾಗಿ ಮುದ್ರಿಸಿ ಬೆರೆಸುತ್ತೇವೆಂದು ಭಾವಿಸೋಣ. ಎಲ್ಲವನ್ನೂ ನಡುವೆಯೇ ಇರಿಸಿದರೆ ಒಂದು ಮತ್ತೊಂದನ್ನು ಮರೆಮಾಡುತ್ತದೆ. ಆದುದರಿಂದ ಪ್ರತಿಯೊಂದು ವಾದ್ಯಕ್ಕೂ ‘ಪ್ಯಾನ್’ ಎಂಬ ಗುಂಡಿಯುಂಟು. ಅದನ್ನು ಎಡಕ್ಕೆ ತಿರುಗಿಸಿದಷ್ಟೂ ಆ ನಾದದ ಹೆಚ್ಚಿನ ಪಾಲು ಎಡದ ಸ್ಪೀಕರಿಗೆ ಸಲ್ಲುತ್ತದೆ, ಬಲದ ಪಾಲು ಕುಗ್ಗುತ್ತದೆ. ಗುಂಡಿಯು ಬದಲಿಸುವುದು ಈ ಹಂಚಿಕೆಯನ್ನು ಮಾತ್ರ. ನಾದಕ್ಕೆ ಸ್ಥಳವನ್ನು ಕಲ್ಪಿಸಿಕೊಳ್ಳುವುದು ಕೇಳುಗನ ಮನಸ್ಸು. ಸಾಮಾನ್ಯವಾಗಿ ಗಾಯನವನ್ನೂ ತಬಲದ ಮಂದ್ರ ನಾದವನ್ನೂ ನಡುವೆ ನಿಲ್ಲಿಸಿ, ಕೊಳಲನ್ನು ತುಸು ಎಡಕ್ಕೆ, ಪಿಟೀಲನ್ನು ತುಸು ಬಲಕ್ಕೆ ಸರಿಸುವುದುಂಟು.

ಇಲ್ಲಿ ಒಂದು ಎಚ್ಚರ ಅಗತ್ಯ. ಕೊಳಲನ್ನು ಎಡದ ತುದಿಗೇ ತಳ್ಳಿದೆವೆನ್ನಿ. ಬಲಗಿವಿ ಮಾತ್ರ ಕೇಳಿಸುವವರು ಹೆಡ್‌ಫೋನ್ ಧರಿಸಿ ಆಲಿಸಿದರೆ ಅವರ ಪಾಲಿಗೆ ಕೊಳಲೇ ಇಲ್ಲವಾಗುತ್ತದೆ. ಆದಕಾರಣ ಹಾಡನ್ನು ಮುಗಿಸುವ ಮುನ್ನ ಒಂದೊಂದು ವಾಹಿನಿಯನ್ನೂ ಪ್ರತ್ಯೇಕವಾಗಿ ಕೇಳಿ ನೋಡಬೇಕು. ಪ್ರತಿಯೊಂದು ವಾದ್ಯಕ್ಕೂ ಅದರ ನೆಲೆ ದೊರೆಯಬೇಕು. ಆದರೆ ಅದರಿಂದ ಯಾವ ಕೇಳುಗನೂ ವಂಚಿತನಾಗಬಾರದು.