ಕರೆಯ ಕಾವಲು

ವ್ಯಾಪಾರದಲ್ಲಿ ಹಣಕ್ಕಿಂತ ನಂಬಿಕೆಯೇ ದೊಡ್ಡ ಬಂಡವಾಳ. ಕೊಳ್ಳುವವನ ಕರೆ ಮಾರುವವನಿಗೇ ತಲುಪುತ್ತದೆಂಬ ಭರವಸೆಯಿಲ್ಲದೆ ದೂರವಾಣಿಯ ಮೂಲಕ ಯಾವ ವ್ಯವಹಾರವೂ ನಡೆಯಲಾರದು.

ಈ ಭರವಸೆಗೆ ಒದಗಿದ ಕುತ್ತು ಹೊಸದೇನಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಅಮೆರಿಕದ ಕಾನ್ಸಾಸ್ ಸಿಟಿಯಲ್ಲಿ ಆಲ್ಮನ್ ಸ್ಟ್ರೌಜರ್ ಎಂಬವನಿದ್ದನು. ಶವಸಂಸ್ಕಾರದ ಏರ್ಪಾಡು ಮಾಡಿಕೊಡುವುದು ಅವನ ವೃತ್ತಿ. ಆಗ ವಿನಿಮಯ ಕೇಂದ್ರದ ನಿರ್ವಾಹಕರೇ ಕೈಯಿಂದ ತಂತಿಗಳನ್ನು ಜೋಡಿಸಿ ಕರೆಗಳನ್ನು ಕೂಡಿಸುತ್ತಿದ್ದರು. ತನಗೆ ಬರಬೇಕಾದ ಕರೆಗಳು ಅಲ್ಲಿಯೇ ಎದುರಾಳಿಯ ಕಡೆಗೆ ತಿರುಗುತ್ತಿವೆಯೆಂದು ಅವನು ಸಂಶಯಪಟ್ಟನಂತೆ. ಬೇಲಿಯೇ ಎದ್ದು ಹೊಲ ಮೇಯ್ದರೆ ಕಾಯುವವರಾರು? ಸ್ಟ್ರೌಜರನು ಗೊಣಗುತ್ತ ಕುಳಿತುಕೊಳ್ಳಲಿಲ್ಲ. ನಿರ್ವಾಹಕರ ನೆರವಿಲ್ಲದೆ ಕರೆಗಳನ್ನು ಕೂಡಿಸುವ ಯಂತ್ರವನ್ನೇ ರೂಪಿಸಿ, 1891ರಲ್ಲಿ ಅದಕ್ಕೆ ಪೇಟೆಂಟ್ ಪಡೆದನು. ಮರುವರ್ಷವೇ ಇಂಡಿಯಾನ ರಾಜ್ಯದ ಲಾ ಪೋರ್ಟ್ ಪಟ್ಟಣದಲ್ಲಿ ಸ್ವಯಂಚಾಲಿತ ವಿನಿಮಯ ಕೇಂದ್ರವು ಆರಂಭವಾಯಿತು.

ಯಂತ್ರ ಬಂದಿತು; ವಂಚನೆ ಮಾತ್ರ ಹೋಗಲಿಲ್ಲ, ವೇಷ ಬದಲಿಸಿತು. ಅನೇಕ ಒಳ ಫೋನುಗಳಿರುವ ಕಚೇರಿಗೆ ಒಬ್ಬನು ಕರೆ ಮಾಡಿ, "ನಾನು ಟೆಲಿಫೋನ್ ಕಂಪೆನಿಯವನು, ಲೈನ್ ಪರೀಕ್ಷಿಸಬೇಕು. ನನ್ನನ್ನು ಹೊರಗಿನ ಲೈನಿಗೆ ವರ್ಗಾಯಿಸಿ" ಎನ್ನುತ್ತಾನೆ. ಸ್ವಿಚ್‌ಬೋರ್ಡಿನವರು ನಂಬಿ ಹಾಗೆ ಮಾಡಿದರೆ, ಅವನು ವಿದೇಶಕ್ಕೆ ಆಡುವ ಮಾತಿನ ಹಣವೆಲ್ಲ ಕಚೇರಿಯ ಬಿಲ್ಲಿಗೆ ಸೇರುತ್ತದೆ.

ಇಂದು ವಂಚಕನ ಕೈ ಹಳ್ಳಿಗೂ ಚಾಚಿದೆ. ಕೊಡಗಿನ ಭಾಗಮಂಡಲದಿಂದ ಘಟ್ಟವಿಳಿದು ಕೇರಳದ ಪಾಣತ್ತೂರಿನತ್ತ ಸಾಗುವ ದಾರಿಯಲ್ಲಿ ಕರಿಕೆ ಇದೆ. ಇಂತಹ ಗಡಿಯ ಊರಿನಲ್ಲಿ ಅಡಕೆ, ಕರಿಮೆಣಸು ಮಾರುವವನಿಗೆ ಮೊಬೈಲೇ ಅಂಗಡಿ, ಮೊಬೈಲೇ ಬ್ಯಾಂಕು. ಅವನಿಗೊಂದು ಕರೆ ಬರುತ್ತದೆ ಎನ್ನಿ. "ನಿಮ್ಮ ಸಿಮ್ ಸಂಜೆಗೆ ನಿಂತುಹೋಗುತ್ತದೆ. ನಕ್ಷತ್ರ ಚಿಹ್ನೆಯೊಡನೆ 401 ಒತ್ತಿ, ನಾನು ಹೇಳುವ ಸಂಖ್ಯೆಯನ್ನೂ ಒತ್ತಿರಿ." ಗಾಬರಿಯಿಂದ ಒತ್ತಿದೊಡನೆ ಅವನ ಕರೆಗಳೆಲ್ಲ ಅಪರಿಚಿತನ ಪಾಲಾಗಬಹುದು. ಗಿರಾಕಿಯ ಮಾತಷ್ಟೇ ಅಲ್ಲ, ಬ್ಯಾಂಕು ಕರೆಯ ಮೂಲಕ ತಿಳಿಸುವ ಗುಪ್ತಸಂಖ್ಯೆಯೂ ಕಳ್ಳನ ಕಿವಿಗೆ ಬೀಳುತ್ತದೆ. ಈ ಅಪಾಯವನ್ನರಿತ ದೂರಸಂಪರ್ಕ ಇಲಾಖೆಯು, ಇಂತಹ ಸಂಕೇತಗಳಿಂದ ಕರೆ ತಿರುಗಿಸುವ ಸೌಲಭ್ಯವನ್ನು 2024ರ ಏಪ್ರಿಲ್ 15ರಿಂದ ನಿಲ್ಲಿಸಬೇಕೆಂದು ಕಂಪೆನಿಗಳಿಗೆ ಆದೇಶಿಸಿತು. ಆದರೆ ಆದೇಶವೊಂದೇ ಕಾವಲಾಗದು.

ಕಚೇರಿಯವರು ಹೊರಗಿನಿಂದ ಬಂದ ಕರೆಯನ್ನು ಮತ್ತೆ ಹೊರಗಿನ ಲೈನಿಗೆ ವರ್ಗಾಯಿಸಲಾಗದಂತೆ ಯಂತ್ರವನ್ನು ಅಣಿಗೊಳಿಸಬೇಕು, ಬೇಡದ ವಿದೇಶಿ ಕರೆಗಳನ್ನು ತಡೆಯಬೇಕು, ಗುಪ್ತಪದವನ್ನು ಬದಲಿಸಬೇಕು, ಬಿಲ್ಲನ್ನು ತಿಂಗಳು ತಿಂಗಳೂ ಓದಬೇಕು. ಮೊಬೈಲ್ ಉಳ್ಳವರು ಅಪರಿಚಿತರು ಹೇಳಿದ ಸಂಕೇತವನ್ನು ಒತ್ತಬಾರದು. ಸಂಶಯ ಬಂದರೆ ಕರೆಯನ್ನು ಕಡಿದು, ತಮಗೆ ಗೊತ್ತಿರುವ ಸಂಖ್ಯೆಗೆ ತಾವೇ ಕರೆ ಮಾಡಿ ವಿಚಾರಿಸಬೇಕು. ಹಣ ಕಳೆದುಕೊಂಡವರು ನಾಚಿಕೆಯಿಂದ ಮುಚ್ಚಿಡದೆ ಕೂಡಲೇ 1930 ಸಂಖ್ಯೆಗೆ ದೂರು ನೀಡಬೇಕು. ತಡವಾದಷ್ಟೂ ಹಣ ಕೈಮೀರಿ ಹೋಗುತ್ತದೆ.

ವಂಚಕನ ಆಯುಧ ಯಂತ್ರವಲ್ಲ, ಅವಸರ. ಕ್ಷಣಕಾಲ ನಿಂತು ಯೋಚಿಸುವವನ ಮುಂದೆ ಆ ಆಯುಧ ಮೊಂಡಾಗುತ್ತದೆ. ಸ್ಟ್ರೌಜರನು ಕರೆಗೆ ಯಂತ್ರದ ಕಾವಲನ್ನು ಒದಗಿಸಿದನು. ವಿವೇಕದ ಕಾವಲನ್ನು ಪ್ರತಿಯೊಬ್ಬನೂ ತಾನೇ ಒದಗಿಸಿಕೊಳ್ಳಬೇಕು.