ಗ್ರಂಥಾಲಯದ ಟೇಬಲ್ಲು, ಫಾರ್ಮು: ಮಾಡಬೇಕಾದ್ದು, ಮಾಡಬಾರದ್ದು

ಗ್ರಂಥಾಲಯಗಳಿಗೆ ತಂತ್ರಾಂಶ ಬರೆಯುವವರ, ಬರೆಸುವವರ ಗಮನಕ್ಕೆ.

ಗ್ರಂಥಾಲಯದಲ್ಲಿರುವುದು ಬರೀ ಪುಸ್ತಕವಲ್ಲ. ಬೈಂಡ್ ಮಾಡಿದ ಮಾಸಪತ್ರಿಕೆ, ನಕ್ಷೆ, ಸಿ.ಡಿ., ಕೆಲವೆಡೆ ತಾಳೆಗರಿಯ ಕಟ್ಟುಗಳೂ ಇರುತ್ತವೆ. ಪುಸ್ತಕಕ್ಕೆಂದು ಮಾಡಿದ ಫಾರ್ಮಿನಲ್ಲಿ ತಾಳೆಗರಿಯನ್ನು ನಮೂದಿಸಬೇಕಾಗಿ ಬಂದ ಸಿಬ್ಬಂದಿ ಪ್ರಕಾಶಕರ ಜಾಗದಲ್ಲಿ ಒಂದು ಚುಕ್ಕಿ, ಐಎಸ್‌ಬಿಎನ್ ಜಾಗದಲ್ಲಿ ಸಾಲು ಸೊನ್ನೆ ಒತ್ತಿ ಮುಂದೆ ಹೋಗುತ್ತಾರೆ. ತಪ್ಪು ಅವರದಲ್ಲ, ಫಾರ್ಮಿನದು. ಇಂಥ ಸುಳ್ಳು ಒಮ್ಮೆ ಒಳಗೆ ಸೇರಿಕೊಂಡರೆ ನಿಜದಿಂದ ಅದನ್ನು ಬೇರ್ಪಡಿಸುವುದು ಬಹಳ ಕಷ್ಟ. ಆದ್ದರಿಂದ ಕೆಳಗಿನವನ್ನು ತಪ್ಪದೆ ಪಾಲಿಸಿ.

ಮಾಡಬೇಕಾದ್ದು

ಎಲ್ಲ ಬಗೆಯ ವಸ್ತುಗಳಿಗೂ ಸಲ್ಲುವ ವಿವರಗಳನ್ನು ಮಾತ್ರ ಮುಖ್ಯ ಟೇಬಲ್ಲಿನಲ್ಲಿಡಿ: ಶೀರ್ಷಿಕೆ, ಭಾಷೆ, ವಸ್ತುವಿನ ಬಗೆ. ಪತ್ರಿಕೆಯ ಸಂಪುಟ-ಸಂಚಿಕೆ, ನಕ್ಷೆಯ ಅಳತೆ, ತಾಳೆಗರಿಯ ಗರಿಗಳ ಸಂಖ್ಯೆ ಇವಕ್ಕೆ ಅವವುಗಳದೇ ಟೇಬಲ್ಲು ಬೇಕು. ಮುಖ್ಯ ಟೇಬಲ್ಲಿನ ಐಡಿಯೇ ಅಲ್ಲೂ ಐಡಿಯಾಗಿರಲಿ. ಜೊತೆಗೆ ‘ಬಗೆ’ಯ ಕಾಲಮ್ಮನ್ನೂ ಅಲ್ಲಿಟ್ಟು, ಒಂದೊಂದು ಟೇಬಲ್ಲಿನಲ್ಲಿ ಒಂದೇ ಬಗೆಗೆ ಅವಕಾಶ ಕೊಟ್ಟು, ಐಡಿ ಮತ್ತು ಬಗೆ ಎರಡನ್ನೂ ಸೇರಿಸಿ ಫಾರಿನ್ ಕೀ ಹಾಕಿ. ಪತ್ರಿಕೆಗೆ ತಾಳೆಗರಿಯ ವಿವರ ಅಂಟಿಕೊಳ್ಳದಂತೆ ಆಗ ಡೇಟಾಬೇಸೇ ಕಾಯುತ್ತದೆ.

ಕೃತಿಯ ವಿವರ ಬೇರೆ, ಕಪಾಟಿನಲ್ಲಿರುವ ಪ್ರತಿ ಬೇರೆ. ಅಕ್ಸೆಷನ್ ನಂಬರು, ಬೆಲೆ, ಹರಿದಿದೆಯೋ ಇಲ್ಲವೋ, ಯಾರು ಒಯ್ದಿದ್ದಾರೆ ಎಂಬುದೆಲ್ಲ ಪ್ರತಿಗೆ ಸೇರಿದ್ದು. ಐದು ಪ್ರತಿಗಳಿದ್ದರೆ ಶೀರ್ಷಿಕೆಯನ್ನು ಐದು ಸಲ ಬರೆಸಬೇಡಿ. ಬರೆಸಿದರೆ ಐದು ಬಗೆಯ ಕಾಗುಣಿತ ಸಿಗುತ್ತದೆ.

ಭಾಷೆಗೊಂದು ಕಾಲಮ್, ಲಿಪಿಗೆ ಇನ್ನೊಂದು ಕಾಲಮ್ ಕಡ್ಡಾಯ. ಮೈಸೂರಿನ ಓರಿಯೆಂಟಲ್ ಗ್ರಂಥಾಲಯದಲ್ಲಿ ಆರ್. ಶಾಮಶಾಸ್ತ್ರಿಗಳು ಬೆಳಕಿಗೆ ತಂದು 1909ರಲ್ಲಿ ಪ್ರಕಟಿಸಿದ ‘ಅರ್ಥಶಾಸ್ತ್ರ’ದ ಭಾಷೆ ಸಂಸ್ಕೃತ, ಅದರ ತಾಳೆಗರಿಯ ಲಿಪಿ ಗ್ರಂಥ. ಒಂದೇ ಖಾನೆಯಿದ್ದರೆ ಯಾವುದನ್ನು ಬರೆಯಬೇಕು, ಯಾವುದನ್ನು ಬಿಡಬೇಕು? ಕನ್ನಡ ಲಿಪಿಯಲ್ಲಿ ಬರೆದ ಸಂಸ್ಕೃತದ ಓಲೆಗಳು ನಮ್ಮಲ್ಲಿ ಬಹಳವಿವೆ. ಅವನ್ನೆಲ್ಲ ‘ಕನ್ನಡ’ ಎಂದು ದಾಖಲಿಸಿಬಿಟ್ಟರೆ ಸಂಸ್ಕೃತ ಹುಡುಕಿಕೊಂಡು ಬಂದ ಸಂಶೋಧಕರಿಗೆ ಅವು ಸಿಗುವುದೇ ಇಲ್ಲ.

ಲೇಖಕರಿಗೂ ಪ್ರತ್ಯೇಕ ಟೇಬಲ್ಲು, ಅವರ ಕಾವ್ಯನಾಮಗಳಿಗೆ ಮತ್ತೊಂದು. ಬೇಂದ್ರೆ ಎಂದು ಹುಡುಕಿದರೂ ಅಂಬಿಕಾತನಯದತ್ತ ಎಂದು ಹುಡುಕಿದರೂ ಒಬ್ಬರೇ ಸಿಗಬೇಕು. ಹೆಸರಿನ ಖಾನೆಗೆ ‘ಕನ್ನಡ ಅಕ್ಷರ ಮಾತ್ರ’ ಎಂಬ ನಿರ್ಬಂಧ ಹಾಕಲೇಬಾರದು: ಬೀಚಿಯವರು ತಮ್ಮ ಹೆಸರಿನ ಅರ್ಧವನ್ನು ಇಂಗ್ಲಿಷ್ ಅಕ್ಷರದಲ್ಲೇ ಬರೆಯುತ್ತಿದ್ದರು. ಅಡ್ಡಹೆಸರಿನ ಖಾನೆಯನ್ನು ಕಡ್ಡಾಯ ಮಾಡುವುದೂ ಬೇಡ.

ಪ್ರಕಟಣೆಯ ಕಾಲಕ್ಕೆ ದಿನ-ತಿಂಗಳು-ವರ್ಷ ಮೂರನ್ನೂ ಕೇಳುವ ಕ್ಯಾಲೆಂಡರ್ ಪೆಟ್ಟಿಗೆ ಬೇಡ. ವರ್ಷವಷ್ಟೇ ಗೊತ್ತಿದ್ದರೆ ವರ್ಷವಷ್ಟೇ ಸಾಕು. ಹಳೆಯ ಪುಸ್ತಕದಲ್ಲಿ ಸಂವತ್ಸರದ ಹೆಸರು ಅಚ್ಚಾಗಿದ್ದರೆ ಅದನ್ನು ಇದ್ದಂತೆ ಬರೆಯಲು ಒಂದು ಖಾನೆ, ಅಂದಾಜು ಇಸವಿಗೆ ಇನ್ನೊಂದು ಖಾನೆ ಕೊಡಿ.

ಮಾಡಬಾರದ್ದು

ಐಎಸ್‌ಬಿಎನ್ ಅನ್ನು ಸಂಖ್ಯೆಯ ಕಾಲಮ್ಮಿನಲ್ಲಿಡಕೂಡದು. ಅದು ಕೂಡಿ ಕಳೆಯುವ ಸಂಖ್ಯೆಯಲ್ಲ. 2007ಕ್ಕೆ ಮೊದಲಿನ ಹತ್ತು ಅಂಕಿಯ ಐಎಸ್‌ಬಿಎನ್ ಸೊನ್ನೆಯಿಂದ ಶುರುವಾಗಬಹುದು, ‘ಎಕ್ಸ್’ ಅಕ್ಷರದಲ್ಲಿ ಮುಗಿಯಬಹುದು. ಸಂಖ್ಯೆಯ ಕಾಲಮ್ ಮೊದಲನೆಯದನ್ನು ನುಂಗುತ್ತದೆ, ಎರಡನೆಯದನ್ನು ನಿರಾಕರಿಸುತ್ತದೆ. ಅದನ್ನು ಕಡ್ಡಾಯವೂ ಮಾಡಬೇಡಿ, ಪ್ರೈಮರಿ ಕೀಯನ್ನಾಗಿಯಂತೂ ಮಾಡಲೇಬೇಡಿ. ಅದು ಅಂತರರಾಷ್ಟ್ರೀಯ ಮಾನಕವಾದದ್ದು 1970ರಲ್ಲಿ. ಅದಕ್ಕೂ ಹಿಂದಿನ ಕನ್ನಡದ ಅಚ್ಚುಗಳಲ್ಲಿ ಅದನ್ನು ಎಲ್ಲಿಂದ ತರುವುದು?

ಸಂಚಿಕೆಯ ಸಂಖ್ಯೆಗೂ ಇದೇ ಮಾತು. ಜೋಡಿ ಸಂಚಿಕೆಗೆ ‘3-4’ ಎಂದಿರುತ್ತದೆ, ವಿಶೇಷಾಂಕಕ್ಕೆ ಕೆಲವೊಮ್ಮೆ ಸಂಖ್ಯೆಯೇ ಇರುವುದಿಲ್ಲ. ಅಚ್ಚಾದದ್ದನ್ನು ಅಕ್ಷರವಾಗಿಯೇ ಉಳಿಸಿ, ಕ್ರಮಕ್ಕೆ ಬೇರೆ ಕಾಲಮ್ ಬಳಸಿ.

ಎಲ್ಲ ಬಗೆಗಳ ಎಲ್ಲ ವಿವರಗಳನ್ನೂ ಒಂದೇ ಟೇಬಲ್ಲಿಗೆ ತುರುಕಬೇಡಿ. ಅದಕ್ಕೆ ಹೆದರಿ ‘ಗುಣದ ಹೆಸರು, ಗುಣದ ಬೆಲೆ’ ಎಂಬ ಎರಡೇ ಕಾಲಮ್ಮಿನ ಟೇಬಲ್ಲಿಗೂ ಜಾರಬೇಡಿ. ಮೊದಮೊದಲು ಸುಲಭವೆನಿಸುತ್ತದೆ. ಆಮೇಲೆ ‘ಪುಟ’, ‘ಪುಟಗಳು’, ‘ಒಟ್ಟು ಪುಟ’ ಮೂರೂ ಅಕ್ಕಪಕ್ಕ ಬಂದು ಕೂರುತ್ತವೆ, ಪುಟದ ಜಾಗದಲ್ಲಿ ಊರಿನ ಹೆಸರಿದ್ದರೂ ಕೇಳುವವರಿರುವುದಿಲ್ಲ. ಅಪರೂಪದ ವಿವರಗಳಿಗೆ ಒಂದು ಜೇಸನ್ ಕಾಲಮ್ ಇದ್ದರೆ ತಪ್ಪಿಲ್ಲ. ಆದರೆ ಓದುಗರು ದಿನವೂ ಹುಡುಕುವ ವಿವರಕ್ಕೆ ಸರಿಯಾದ ಕಾಲಮ್ಮೇ ಬೇಕು.

ಶೀರ್ಷಿಕೆಯ ಉದ್ದವನ್ನು ಬೈಟುಗಳಲ್ಲಿ ಕಟ್ಟಿಹಾಕಬೇಡಿ. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ 3 ಬೈಟ್ ಬೇಕು. ‘ಕ್ಷ’ ಒಂದಕ್ಕೇ 9 ಬೈಟ್.

ಫಾರ್ಮಿನ ಪರಿಶೀಲನೆಯೊಂದನ್ನೇ ನಂಬಿ ಕೂರಬೇಡಿ. ಬಗೆ ಬದಲಿಸಿದಾಗ ಪರದೆಯಿಂದ ಮರೆಯಾದ ಖಾನೆಗಳು ತಮ್ಮ ಹಳೆಯ ಮಾಹಿತಿಯನ್ನು ಹಾಗೇ ಸರ್ವರಿಗೆ ಕಳಿಸುತ್ತವೆ. ಆ ಬಗೆಗೆ ಸಲ್ಲದ್ದನ್ನು ಸರ್ವರಿನಲ್ಲೇ ತಡೆಯಿರಿ. ಮೈಎಸ್‌ಕ್ಯೂಎಲ್ ಬಳಸುವವರು ಆವೃತ್ತಿಯನ್ನು ನೋಡಿಕೊಳ್ಳಿ: 8.0.16ಕ್ಕಿಂತ ಹಳೆಯದು ಚೆಕ್ ನಿಬಂಧನೆಯನ್ನು ಓದಿ, ಸುಮ್ಮನೆ ಬಿಟ್ಟುಬಿಡುತ್ತದೆ.

‘ಇಲ್ಲ’ ಮತ್ತು ‘ಗೊತ್ತಿಲ್ಲ’ ಎರಡನ್ನೂ ಖಾಲಿ ಖಾನೆಯೊಂದರಲ್ಲಿ ಬೆರೆಸಬೇಡಿ. ತಾಳೆಗರಿಗೆ ಪ್ರಕಾಶಕರೇ ಇಲ್ಲ. ಮುಖಪುಟ ಕಳೆದುಹೋದ ಪುಸ್ತಕಕ್ಕೆ ಪ್ರಕಾಶಕರಿದ್ದರು, ಯಾರೆಂದು ತಿಳಿಯದು. ಇವೆರಡನ್ನೂ ಬೇರೆ ಬೇರೆಯಾಗಿ ಗುರುತಿಸಲು ಸಿಬ್ಬಂದಿಗೆ ಅವಕಾಶವಿರಲಿ.

ಫಾರ್ಮನ್ನು ಬಳಕೆಗೆ ಬಿಡುವ ಮೊದಲು ಕಪಾಟಿನಿಂದ ಪ್ರತಿ ಬಗೆಯ ವಸ್ತುವನ್ನೂ ಒಂದೊಂದು ತನ್ನಿ, ಅದರಲ್ಲೂ ಹರಿದದ್ದು, ಹಳೆಯದು ಇರಲಿ. ದಿನವೂ ನಮೂದು ಮಾಡುವವರ ಕೈಯಿಂದಲೇ ಅವನ್ನು ದಾಖಲು ಮಾಡಿಸಿ. ಯಾವುದೇ ಒಂದು ಖಾನೆಯಲ್ಲಿ ಅವರು ಇಲ್ಲದ್ದನ್ನು ಬರೆಯಬೇಕಾಗಿ ಬಂದರೆ, ಸರಿಪಡಿಸುವವರೆಗೆ ಆ ಫಾರ್ಮನ್ನು ಬಳಕೆಗೆ ಕೊಡಬೇಡಿ.